ಬಾಯಿ ತೆರೆದ ಅಕ್ಷರ

ಬಿರಾಗೊ ಬದುಕಿದ್ದಷ್ಟು ಕಾಲ ನನ್ನ ಅಂಗಡಿಯ ಮುಂದೆ ನಿಂತು ಸತ್ತವರ ಬ್ಯಾನರುಗಳನ್ನು ಗಟ್ಟಿಯಾಗಿ ಓದುತ್ತಿದ್ದಳು. ಕೆಜೆಟಿಯಾ ಮಾರುಕಟ್ಟೆಯಲ್ಲಿ ಅವಳದು ಬಟ್ಟೆ ವ್ಯಾಪಾರ. ಕೂದಲು ನೆರೆತ ಮೇಲೆ ಇಗರ್ಜಿಯ ತರಗತಿಗೆ ಹೋಗಿ ನಮ್ಮ ಟ್ವಿ ಭಾಷೆಯನ್ನು ಓದಲು ಕಲಿತಳು. ಕಲಿತ ಮೇಲೆ ಸುಮ್ಮನಿರುವ ಜಾಯಮಾನ ಅವಳದಲ್ಲ. ನಮ್ಮೂರು ಕುಮಾಸಿಯ ಅಸಾಫೊ ಬೀದಿಯಲ್ಲಿ ಅಚ್ಚಿನ ಅಂಗಡಿಗಳಿಗೇನು ಬರ, ಆದರೆ ಅವಳಿಗೆ ತಪ್ಪು ಹುಡುಕಲು ನನ್ನದೇ ಬೇಕಾಗಿತ್ತು.

"ಅಚಿಯಾ, ಇಲ್ಬಾ ಇಲ್ಲಿ. ಈ ಮನುಷ್ಯನ ಬಾಯಿ ಮುಚ್ಚಿಸಿಬಿಟ್ಟಿದ್ದೀಯಲ್ಲೇ."

"ಸತ್ತೋನಲ್ವಾ ಮಾಮೆ, ಬಾಯಿ ಮುಚ್ಚಿರುತ್ತೆ."

"ಅವನ ಬಾಯಲ್ಲ ಕಣೇ, ಅಕ್ಷರದ ಬಾಯಿ."

ನಮ್ಮ ಭಾಷೆಯಲ್ಲಿ ಎರಡು ಥರದ ಓ ಇವೆ. ಒಂದು ಸೊನ್ನೆಯ ಹಾಗೆ ಮುಚ್ಚಿಕೊಂಡಿರುತ್ತದೆ. ಇನ್ನೊಂದು ಎಡಗಡೆಗೆ ಬಾಯಿ ಬಿಟ್ಟಿರುತ್ತದೆ, ಹೀಗೆ: ɔ. ಒಂದರ ಜಾಗದಲ್ಲಿ ಇನ್ನೊಂದು ಬಿದ್ದರೆ ಅರ್ಥ ಊರು ಬಿಟ್ಟು ಹೋಗುತ್ತದೆ. ಬಾಯಿ ತೆರೆದು kɔ ಎಂದರೆ ಹೋಗು. ಬಾಯಿ ಮುಚ್ಚಿ ko ಎಂದರೆ ಕಾದಾಡು. ಬಿರಾಗೊ ತಪ್ಪು ಹಿಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಆದರೆ ತಪ್ಪು ತಪ್ಪೇ. ಬೈದುಕೊಳ್ಳುತ್ತ ತಿದ್ದುತ್ತಿದ್ದೆ, ಅವಳು ಪಕ್ಕದಲ್ಲಿ ಕೂತು ಕೆಂಕೆ ಎಂಬ ಮೆಕ್ಕೆಜೋಳದ ಮುದ್ದೆಯನ್ನು ಖಾರದಲ್ಲಿ ಅದ್ದಿ ತಿನ್ನುತ್ತ ತಿದ್ದುಪಡಿ ನೋಡಿಯೇ ಎದ್ದು ಹೋಗುತ್ತಿದ್ದಳು.

ಆ ಬಿರಾಗೊ ಸತ್ತಳು. ಅವಳ ಮಗಳು ಪೊಕುವಾ ಬ್ಯಾನರು ಮತ್ತು ನೆನಪಿನ ಪುಸ್ತಿಕೆಯ ಕೆಲಸವನ್ನು ನನಗೇ ತಂದುಕೊಟ್ಟಳು. ಇಲ್ಲಿ ಎಲ್ಲರೂ ಸತ್ತವರಿಗೆ 'ಚೆನ್ನಾಗಿ ಮಲಗು' ಎಂದು ಬರೆಸುತ್ತಾರೆ. ನಾನೂ ಅದನ್ನೇ ಟೈಪು ಮಾಡಲು ಹೊರಟಿದ್ದೆ.

"ಅದು ಬೇಡ ಅಕ್ಕಾ," ಅಂದಳು ಪೊಕುವಾ. "ನಮ್ಮಮ್ಮ ಯಾವತ್ತು ಮಲಗಿದ್ಲು? ಬಟ್ಟೆ ತರೋಕೆ ಲೋಮೆಗೆ ಹೋಗೋ ಬಸ್ಸಲ್ಲೂ ಕೂತೇ ತೂಕಡಿಸ್ತಿದ್ಲು. ಅವಳು ಹೋಗೋಳು. 'ಅಮ್ಮಾ, ಚೆನ್ನಾಗಿ ಹೋಗು' ಅಂತ ಹಾಕು."

Maame, kɔ yie. ಕೆಂಪು ಅಂಚು, ಕಪ್ಪು ಅಕ್ಷರ, ನಡುವೆ ಕಣ್ಣು ಕಿರಿದು ಮಾಡಿಕೊಂಡ ಬಿರಾಗೊ. ಪುಸ್ತಿಕೆಗೆ ಮನೆಯವರೆಲ್ಲ ಫೋನಿನಲ್ಲಿ ಮಾತಾಡಿ ಕಳಿಸಿದ್ದರು, ನಾನು ಕೇಳಿ ಕೇಳಿ ಟೈಪು ಮಾಡಿದ್ದೆ. ಬಳಗದ ಹಿರಿಯ, ಬಿರಾಗೊಳ ಅಣ್ಣ ಒಪಾನಿನ್ ಜೆಬಿ, ತನ್ನ ಪಟ ಕೊಡುವುದೊಂದು ಬಾಕಿ ಇತ್ತು. ಅದು ಬಂದರೆ ಸಂಸ್ಕಾರದ ವಾರದಲ್ಲಿ ಅಚ್ಚು ಹಾಕಿದರಾಯಿತು ಎಂದು ಫೈಲನ್ನು ಹಾಗೇ ಇಟ್ಟಿದ್ದೆ.

ಅದೇ ವಾರ ನನ್ನ ಕಂಪ್ಯೂಟರಿಗೆ ಹೊಸ ಜನ್ಮ ಎತ್ತುವ ಹುಚ್ಚು ಹಿಡಿಯಿತು. ಹಳೆಯ ಸಿಸ್ಟಮಿಗೆ ಇನ್ನು ರಕ್ಷಣೆ ಇಲ್ಲ, ಹೊಸದಕ್ಕೆ ಬನ್ನಿ ಎಂದು ಅದು ತಿಂಗಳುಗಟ್ಟಲೆ ಪೀಡಿಸುತ್ತಿತ್ತು. ಗಿರಾಕಿಗಳು ತರುವ ಪೆನ್‌ಡ್ರೈವುಗಳಲ್ಲಿ ಇರುವ ಕಾಯಿಲೆ ಒಂದೇ ಎರಡೇ. ನನ್ನ ತಮ್ಮ ಬೋಟ್ವೆ ದೊಡ್ಡ ಪ್ರಿಂಟರು ನೋಡಿಕೊಳ್ಳುವವನು. ಬೋಟ್ವೆ ಎಂದರೆ ಎಂಟನೆಯವನು, ನಮ್ಮಮ್ಮನಿಗೆ ಹೆಸರು ಹುಡುಕುವ ಉತ್ಸಾಹ ಅಷ್ಟರಲ್ಲಿ ಮುಗಿದಿತ್ತು. "ಹೂಂ ಅನ್ನು ಅಕ್ಕಾ, ಬಿಟ್ಟಿ ಕೊಡ್ತಾ ಇದಾರೆ," ಅಂದ. ಹೂಂ ಅಂದೆ.

ಮಂಗಳವಾರ ಬೆಳಿಗ್ಗೆ ಪರದೆ ಮದುವೆ ಛತ್ರದ ಹಾಗೆ ಝಗಮಗಿಸುತ್ತಿತ್ತು. ಕಿಟಕಿಗಳು ಗಾಜಿನಂತೆ ಮಿನುಗುತ್ತ ತೇಲಿ ಬರುತ್ತಿದ್ದವು, ತೇಲಿ ಹೋಗುತ್ತಿದ್ದವು. ಒಂದು ಗುಂಡಿ ಒತ್ತಿದರೆ ಅದು ಕೇಳಿಸಿಕೊಳ್ಳುವಷ್ಟರಲ್ಲಿ ಬೀದಿ ತುದಿಯ ಟ್ರೊಟ್ರೊ ವ್ಯಾನು ತುಂಬಿ ಹೊರಡುತ್ತಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ನಾನು ವರ್ಷಗಟ್ಟಲೆ ಬ್ಯಾನರು ವಿನ್ಯಾಸ ಮಾಡಿದ ಹಳೆಯ ಪ್ರೋಗ್ರಾಮು ಬಾಗಿಲೇ ತೆರೆಯಲಿಲ್ಲ. ದೊಡ್ಡ ಪ್ರಿಂಟರನ್ನು ಕಂಡು ಕಂಪ್ಯೂಟರು 'ಈ ಸಾಧನ ಯಾವುದೋ ಗೊತ್ತಿಲ್ಲ' ಎಂದಿತು. ನಿನ್ನೆವರೆಗೂ ಅದರ ಜೊತೆ ಸಂಸಾರ ಮಾಡಿದ್ದ ಯಂತ್ರ.

ನಾನು ಒಂದೊಂದಾಗಿ ಹಿಡಿದೆ. ಮೊದಲು ಶೃಂಗಾರವನ್ನೆಲ್ಲ ಕಿತ್ತೆಸೆದೆ, ಗಾಜು, ತೇಲಾಟ, ನೆರಳು, ಎಲ್ಲ. ಹಿಂದೆ ಕೂತು ಕರೆಯದೆ ಕೆಲಸ ಶುರುಮಾಡುವ ಪ್ರೋಗ್ರಾಮುಗಳ ಸಂತೆಯೇ ಇತ್ತು. ಅವಕ್ಕೆಲ್ಲ ಮನೆಗೆ ಹೋಗಿ ಅಂದೆ. ಹಳೆಯ ಪ್ರೋಗ್ರಾಮಿಗೆ 'ನೀನಿನ್ನೂ ಹಳೆಯ ಸಿಸ್ಟಮಿನಲ್ಲೇ ಇದ್ದೀಯ' ಎಂದು ಸುಳ್ಳು ಹೇಳಿ ನಂಬಿಸುವ ಒಂದು ಗುಂಡಿ ಇರುತ್ತದೆ, ಅದನ್ನು ಒತ್ತಿದೆ. ಸೊಸೆ ಬಂದದ್ದು ಗೊತ್ತಾಗದ ಅತ್ತೆಯ ಹಾಗೆ ಅದು ಗೊಣಗುತ್ತ ಎದ್ದಿತು. ಪ್ರಿಂಟರಿಗೂ ಅದೇ ಸುಳ್ಳು. ಬುಧವಾರ ಬೆಳಿಗ್ಗೆ ಬಿರಾಗೊಳ ಬ್ಯಾನರು ತೆರೆದೆ.

Maame, k) yie.

ಇದು ಬೇರೆ ದೇಶದವರಿಗೆ ಬರುವ ಕಾಯಿಲೆಯಲ್ಲ, ನಮ್ಮದೇ. ನಾವು ಫೋನಿನಲ್ಲಿ ಬರೆಯುವಾಗ ಆ ಅಕ್ಷರ ಸಿಗದೆ ಮುಚ್ಚುವ ಕಂಸವನ್ನೇ ಬಾಯಿ ತೆರೆದ ಓ ಎಂದು ಒತ್ತುತ್ತೇವೆ, ಅದರ ತಂಗಿ, ಬಾಯಿ ತೆರೆದ ಎ, ɛ ಬದಲು ಮೂರರ ಅಂಕಿ. ನನ್ನ ಹಳೆಯ ಫಾಂಟು ಮಾಡಿದ ಪುಣ್ಯಾತ್ಮ ಅದನ್ನೇ ನೆಚ್ಚಿಕೊಂಡಿದ್ದ. ಕಂಸದ ಗುಂಡಿ ಒತ್ತಿದರೆ ಬಾಯಿ ತೆರೆದ ಓ ಕಾಣುವ ಹಾಗೆ ಬಟ್ಟೆ ತೊಡಿಸಿದ್ದ, ಒಳಗೆ ಇದ್ದದ್ದು ಕಂಸವೇ. ಹೊಸ ಸಿಸ್ಟಮು ಆ ಹಳೆಯ ಫಾಂಟನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಬಟ್ಟೆ ಬಿಚ್ಚಿಹೋಗಿ ಎಲ್ಲ ಅಕ್ಷರಗಳೂ ಬೆತ್ತಲೆ ನಿಂತಿದ್ದವು.

"ಹಳೇ ಸಿಸ್ಟಮಿಗೆ ವಾಪಸ್ ಹೋಗೋಣ," ಅಂದೆ. "ಕೆಲವು ದಿನ ಹಳೇದನ್ನ ಇಟ್ಟುಕೊಂಡಿರುತ್ತಂತೆ."

ಬೋಟ್ವೆ ಕಿವಿ ಕೆರೆದುಕೊಂಡ. "ಅದೊಂದು ದೊಡ್ಡ ಫೋಲ್ಡರ್ ಇತ್ತಲ್ಲ ಅಕ್ಕಾ... ಮಷೀನು ನಿಧಾನ ಅಂತ ನಾನು ನಿನ್ನೆ ಅಳಿಸಿಬಿಟ್ಟೆ."

"ನಿನಗೆ ಹೇಳ್ದೋರು ಯಾರು?"

"ಜಾಗ ಖಾಲಿ ಆದ್ರೆ ಓಡುತ್ತೆ ಅಂತ."

"ಓಡ್ತಲ್ಲ, ಎಲ್ಲಾ ಓಡಿಹೋಯ್ತು."

ನಾನು ಪ್ರತಿ ಮಾಡಿಟ್ಟ ಫೈಲುಗಳೂ ಆ ಫೋಲ್ಡರಿನಲ್ಲೇ ಇದ್ದವು. ಕೋಪ ನೆತ್ತಿಗೇರಿತು. ಅಲ್ಲಿದ್ದರೆ ಕೈ ಎತ್ತುತ್ತೇನೆ ಎಂದು ಕಾಗದ ತರುವ ನೆಪದಲ್ಲಿ ಹೊರಗೆ ಹೋದೆ. ಪಾಪ, ಮಾಡಿದ್ದನ್ನು ತಾನೇ ಸರಿಮಾಡಬೇಕು ಎಂದು ಅವನಿಗನ್ನಿಸಿತು. ನಾನು ಬರುವಷ್ಟರಲ್ಲಿ ಪುಸ್ತಿಕೆಯಲ್ಲೂ ಬ್ಯಾನರಿನಲ್ಲೂ ಇದ್ದ ಕಂಸಗಳನ್ನೆಲ್ಲ ಒಂದೇ ಏಟಿಗೆ o ಮಾಡಿದ್ದ, ಮೂರುಗಳನ್ನೆಲ್ಲ e ಮಾಡಿದ್ದ, ಉಳಿಸಿದ್ದ, ಮುಚ್ಚಿದ್ದ. ಪ್ರಿಂಟರು ಏಳುತ್ತದೋ ನೋಡೋಣ ಎಂದು ಬ್ಯಾನರನ್ನು ಅರ್ಧ ಅಳತೆಯಲ್ಲಿ ಅಚ್ಚು ಹಾಕಿ ಗೋಡೆಗೂ ಅಂಟಿಸಿದ್ದ.

"ಈಗ ಚೆನ್ನಾಗಿ ಕಾಣುತ್ತೆ ಅಲ್ವಾ?" ಅಂದ.

Maame, ko yie. ಅಮ್ಮಾ, ಚೆನ್ನಾಗಿ ಕಾದಾಡು.

ಬಿರಾಗೊ ಹುಟ್ಟಿದ ವರ್ಷದ ಕೊನೆಗೆ ಮೂರರ ಬದಲು e ಕೂತಿತ್ತು. ಅದು ಹೋಗಲಿ, ಕಣ್ಣಿಗೆ ಕಾಣುತ್ತದೆ. ಕಾಣದ್ದು ಬೇರೆ ಇತ್ತು. ಕಂಸವಿದ್ದಾಗ ಬಾಯಿ ತೆರೆದ ಓ ಎಲ್ಲೆಲ್ಲಿತ್ತು ಎಂದಾದರೂ ತಿಳಿಯುತ್ತಿತ್ತು. ಈಗ ನಿಜವಾದ o ಮತ್ತು ಕಂಸದಿಂದ ಆದ o ಅಕ್ಕಿಗೆ ಅಕ್ಕಿ ಬೆರೆತಂತೆ ಬೆರೆತುಹೋಗಿದ್ದವು. ಯಂತ್ರಕ್ಕೆ ಇದನ್ನು ಬೇರ್ಪಡಿಸು ಎಂದು ಹೇಳುವ ಹಾಗೇ ಇರಲಿಲ್ಲ. ಓದಿ ಅರ್ಥ ಮಾಡಿಕೊಂಡವರೇ ಹೇಳಬೇಕು.

ಗುರುವಾರ ಬೆಳಿಗ್ಗೆ ಒಪಾನಿನ್ ಜೆಬಿ ಪಟ ಹಿಡಿದು ಬಂದ. ಎತ್ತರದ ಆಳು, ಹೆಗಲ ಮೇಲಿನ ಕಪ್ಪು ಬಟ್ಟೆಯ ಮಡಿಕೆ ಕದಲದ ಹಾಗೆ ನಡೆಯುವವನು. ಹಿಂದೆ ಪೊಕುವಾ ಇದ್ದಳು. ನಾನು ಕಿತ್ತುಹಾಕಲು ಮರೆತಿದ್ದ ಗೋಡೆಯ ಮೇಲಿನ ಬ್ಯಾನರನ್ನು ಅವನು ಓದಿದ. ತಾಯಿ ಬಿಟ್ಟುಹೋದ ಮನೆಯ ವಿಷಯದಲ್ಲಿ ಅವನಿಗೂ ಬಿರಾಗೊಗೂ ವರ್ಷಗಟ್ಟಲೆ ಜಗಳ ನಡೆದದ್ದು ಊರಿಗೆಲ್ಲ ಗೊತ್ತು.

"ಇದೇನು, ಅಣಕವಾ?" ಅಂದ ಜೆಬಿ. ದನಿ ಏರಲಿಲ್ಲ. "ಸತ್ತ ಮೇಲೂ ಕಾದಾಡು ಅಂತ ನನ್ನ ತಂಗಿಗೆ ಹೇಳ್ತೀಯ? ಯಾರ ಮೇಲೆ?"

"ಅಪ್ಪಾಜಿ, ಅದು ಕಂಪ್ಯೂಟರ್ ತಪ್ಪು. ಸಿಸ್ಟಮ್ ಬದಲಾಯ್ತು, ಅಕ್ಷರ—"

"ಕಂಪ್ಯೂಟರಿಗೆ ನಮ್ಮ ಮನೆ ಜಗಳ ಯಾರು ಹೇಳಿದ್ರು?" ಅವನು ಪಟವನ್ನು ಮೇಜಿನ ಮೇಲಿಡದೆ ಕೈಯಲ್ಲೇ ಹಿಡಿದಿದ್ದ. "ಎದುರಿನ ಅಂಗಡಿಗೆ ಕೊಡ್ತೀನಿ. ಇಂಗ್ಲಿಷಲ್ಲಿ 'ರೆಸ್ಟ್ ಇನ್ ಪೀಸ್' ಅಂತ ಹಾಕಿದ್ರೆ ಮುಗೀತು. ಅದರಲ್ಲಿ ಯಾವ ಬಾಯೂ ಮುಚ್ಚಲ್ಲ, ತೆರೆಯಲ್ಲ."

ಪೊಕುವಾ ಗೋಡೆಯನ್ನೇ ನೋಡುತ್ತಿದ್ದಳು. "ಮಾವಾ, ಅಮ್ಮನಿಗೆ ಇಂಗ್ಲಿಷ್ ಓದೋಕೆ ಬರ್ತಿರ್ಲಿಲ್ಲ."

"ಈಗ ಅವಳು ಓದಲ್ಲ ಮಗಳೇ."

"ಓದ್ತಾಳೆ ಅಂದ್ಕೊಂಡೇ ನಾನು ಬರೆಸಿದ್ದು."

ಬದುಕಿನುದ್ದಕ್ಕೂ ನನ್ನ ತಪ್ಪು ಹಿಡಿದ ಹೆಂಗಸು ಅವಳು. ಅವಳ ಬ್ಯಾನರಿನಲ್ಲೇ ಅವಳ ಅಕ್ಷರದ ಬಾಯಿ ಮುಚ್ಚಿ ಕಳಿಸಿದರೆ ನಾನು ಈ ಬೀದಿಯಲ್ಲಿ ಯಾವ ಮುಖ ಇಟ್ಟುಕೊಂಡು ಕೂರಲಿ?

"ನಾಳೆ ಬೆಳಿಗ್ಗೆ ಶವಾಗಾರದಿಂದ ಮಾಮೆ ಹೊರಡೋದರೊಳಗೆ ಬ್ಯಾನರು ನಿಮ್ಮ ಮನೆ ಗೋಡೆ ಮೇಲಿರುತ್ತೆ," ಅಂದೆ. "ಪುಸ್ತಿಕೆನೂ ನಾಳೆನೇ. ಆಗಲಿಲ್ಲ ಅಂದ್ರೆ ಎದುರಿನ ಅಂಗಡಿಗೆ ನಾನೇ ಬಂದು ನಿಮ್ಮ ಜೊತೆ ನಿಲ್ತೀನಿ."

ಜೆಬಿ ನನ್ನನ್ನು ಅಳೆಯುವಂತೆ ನೋಡಿದ. ಪಟವನ್ನು ಮೇಜಿನ ಮೇಲಿಟ್ಟು ಹೋದ.

ಬ್ಯಾನರು ಮೊದಲು. ಹೊಸ ಸಿಸ್ಟಮಿನಲ್ಲಿ ನಮ್ಮ ಅಕ್ಷರ ನಿಜವಾಗಿಯೇ ಇದೆ, ವೇಷ ಹಾಕಿದ ಕಂಸವಲ್ಲ. ಆದರೆ ಹಳೆಯ ಪ್ರೋಗ್ರಾಮಿಗೆ ಅದರ ಪರಿಚಯವಿಲ್ಲ. ಅಂಟಿಸಿದರೆ ಖಾಲಿ ಚೌಕ ತೋರಿಸುತ್ತದೆ. ಹೊಸದಕ್ಕೆ ಹಳೆಯದು ಬೇಡ, ಹಳೆಯದಕ್ಕೆ ಹೊಸದು ತಿಳಿಯದು. ನಾನು ಕುರ್ಚಿಗೆ ಒರಗಿ ಆ ಚೌಕವನ್ನು ನೋಡುತ್ತ ಕೂತೆ. ಆಗ ನಮ್ಮಪ್ಪನ ಬೆರಳುಗಳು ನೆನಪಾದವು.

ಅಪ್ಪ ಒಂದು ಇಗರ್ಜಿಯ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದ. ಪರದೇಶದಿಂದ ಬಂದ ಸೀಸದ ಮೊಳೆಗಳಲ್ಲಿ ನಮ್ಮ ಬಾಯಿ ತೆರೆದ ಓ ಯಾವಾಗಲೂ ಸಾಲುತ್ತಿರಲಿಲ್ಲ. ಮುಗಿದಾಗ ಅವನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. c ಮೊಳೆಯನ್ನು ತೆಗೆದು ತಲೆಕೆಳಗು ಮಾಡಿ ಕೂರಿಸುತ್ತಿದ್ದ. ಬಲಕ್ಕಿದ್ದ ಬಾಯಿ ಎಡಕ್ಕೆ ಬರುತ್ತಿತ್ತು. "ಇಲ್ಲ ಅನ್ನೋ ಅಕ್ಷರ ಇಲ್ಲಮ್ಮ, ತಿರುಗಿಸಿ ನೋಡ್ಬೇಕು ಅಷ್ಟೆ," ಎನ್ನುತ್ತಿದ್ದ.

ನಾನು c ಒತ್ತಿದೆ. ಅದನ್ನು ಅಕ್ಷರದಿಂದ ಬರೀ ಆಕಾರವನ್ನಾಗಿ ಮಾಡಿ, ಹಿಡಿದು ತಿರುಗಿಸಿದೆ. ಯಂತ್ರ ಯೋಚಿಸಿತು. ಆಮೇಲೆ ಅದು ತಿರುಗಿ, ಎಡಕ್ಕೆ ಬಾಯಿಬಿಟ್ಟು, k ಪಕ್ಕದಲ್ಲಿ ಬಂದು ನಿಂತಿತು. Maame, kɔ yie.

"ಆಯ್ತಲ್ಲ," ಅಂದಳು ಪೊಕುವಾ. ಅವಳು ಮಾವನ ಜೊತೆ ಹೋಗಿರಲಿಲ್ಲ.

"ಒಂದಾಯ್ತು. ಪುಸ್ತಿಕೆ ತುಂಬಾ ಇದೇ ಗೋಳು. ಅಲ್ಲಿ ಹೀಗೆ ತಿರುಗಿಸ್ತಾ ಕೂತ್ರೆ ಮುಂದಿನ ಸಾವು ಬರುತ್ತೆ. ಕೂತ್ಕೋ. ಓದು."

ಪುಸ್ತಿಕೆಯ ಮಾತುಗಳನ್ನು ಹಳೆಯ ಪ್ರೋಗ್ರಾಮಿನಿಂದ ಕಿತ್ತು ಹೊಸ ಸಿಸ್ಟಮಿನದೇ ಬರವಣಿಗೆಯ ಪುಟಕ್ಕೆ ತಂದೆ. ಅಲ್ಲಿ ನಿಜವಾದ ಅಕ್ಷರ ಒಪ್ಪುತ್ತದೆ. ಪೊಕುವಾ ಗಟ್ಟಿಯಾಗಿ ಓದತೊಡಗಿದಳು. ಬಾಯಿ ತೆರೆಯಬೇಕಾದಲ್ಲಿ ನಾಲಿಗೆ ತಾನಾಗಿ ತೊಡರುತ್ತಿತ್ತು. ನಿಲ್ಲುತ್ತಿದ್ದಳು, ನಾನು ತಿದ್ದುತ್ತಿದ್ದೆ, ಮುಂದೆ ಹೋಗುತ್ತಿದ್ದಳು. ಓದುತ್ತ ಓದುತ್ತ ಅವಳ ದನಿ ಬದಲಾಯಿತು. ಬಿರಾಗೊ ಸತ್ತ ದಿನದಿಂದ ಗುತ್ತಿಗೆದಾರರು, ಕುರ್ಚಿಯವರು, ಅಡುಗೆಯವರು ಎಂದು ಓಡಾಡಿದವಳು, ಈಗ ಅಮ್ಮನ ಬಗ್ಗೆ ಎಲ್ಲರೂ ಹೇಳಿದ್ದನ್ನು ಮೊದಲ ಸಲ ಕೇಳುತ್ತಿದ್ದಳು. ಒಂದೆರಡು ಕಡೆ ತಪ್ಪಿಲ್ಲದಿದ್ದರೂ ನಿಂತಳು. ನಾನು ಕೀಲಿಮಣೆ ನೋಡುತ್ತ ಕಾದೆ.

ಮಧ್ಯಾಹ್ನ ಕರೆಂಟು ಹೋಯಿತು. ಪ್ರತಿ ಪುಟಕ್ಕೂ ಉಳಿಸುತ್ತ ಬಂದಿದ್ದರಿಂದ ಬದುಕಿಕೊಂಡೆ. ಬೋಟ್ವೆ ಎದ್ದು ಹೋದ. ಬೀದಿಯ ಆ ತುದಿಯಿಂದ ಬೆಸುಗೆ ಅಂಗಡಿಯವನ ಜನರೇಟರನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಬಂದ, ಅಂಗಿ ಬೆನ್ನಿಗಂಟಿತ್ತು.

"ಇದನ್ನೂ ಅಳಿಸ್ಬೇಡ," ಅಂದೆ.

"ಮುಟ್ಟೋದೇ ಇಲ್ಲ ಅಕ್ಕಾ," ಅಂದ. ಪೊಕುವಾ ನಕ್ಕಳು. ಅವಳು ನಕ್ಕದ್ದನ್ನು ನಾನು ನೋಡಿ ಎಷ್ಟೋ ದಿನವಾಗಿತ್ತು.

ಜನರೇಟರಿನ ಗಲಾಟೆಯಲ್ಲಿ ಅವಳು ಕೂಗಿ ಓದಬೇಕಾಯಿತು. ಬೀದಿಯಲ್ಲಿ ಹೋಗುವವರು ನಿಂತು ಕೇಳುತ್ತಿದ್ದರು, ಹಿಂದೆ ಬಿರಾಗೊ ಓದುವಾಗ ನಿಲ್ಲುತ್ತಿದ್ದ ಹಾಗೆ. ಕೊನೆಯ ಪುಟಗಳಲ್ಲಿ ಮಕ್ಕಳ ಮಾತುಗಳಿದ್ದವು. ಅಲ್ಲಿ ಪೊಕುವಾ ತಾನೇ ಹೇಳಿ ಕಳಿಸಿದ ಸಾಲೊಂದಿತ್ತು: 'ನಮ್ಮಲ್ಲಿ ಯಾರ ಕೈಲೂ ಆಗದೆ ಹೋದಾಗ, ನಮಗಾಗಿ ಅವಳೇ ಹೋದಳು.' ಪರದೆಯ ಮೇಲೆ ಬಾಯಿ ಮುಚ್ಚಿತ್ತು. ಅವಳು ಇದ್ದದ್ದನ್ನು ಇದ್ದ ಹಾಗೇ ಓದಿದಳು: "ನಮಗಾಗಿ ಅವಳೇ ಕಾದಾಡಿದಳು."

ನಾನು ತಿದ್ದಲು ಬೆರಳು ಇಟ್ಟೆ.

"ಇರು ಅಕ್ಕಾ." ಅವಳು ಇನ್ನೊಮ್ಮೆ ಓದಿದಳು, ಈ ಸಲ ಕೂಗದೆ. "ಇದನ್ನ ಬಿಡು. ಇದು ಸರಿಯಾಗೇ ಇದೆ."

"ನಿಮ್ಮ ಮಾವ ನನ್ನ ಚರ್ಮ ಸುಲೀತಾನೆ."

"ನಾನು ಅವತ್ತು ಫೋನಲ್ಲಿ ಹೇಳ್ಬೇಕಾಗಿದ್ದಿದ್ದೇ ಇದು. ಧೈರ್ಯ ಆಗ್ಲಿಲ್ಲ."

ನನಗೆ ಕೈ ಕಟ್ಟಿದಂತಾಯಿತು. ತಪ್ಪೊಂದು ಕಣ್ಣ ಮುಂದಿದ್ದು ಬಿಡುವುದು ನನ್ನ ಮೈಗೆ ಒಗ್ಗಿದ್ದಲ್ಲ. ಆದರೆ ಅವಳ ತಾಯಿ, ಅವಳ ಸಾಲು. ಬಿಟ್ಟೆ. ಸಂಜೆಯೊಳಗೆ ದೊಡ್ಡ ಪ್ರಿಂಟರು ಕೆಮ್ಮುತ್ತ, ನಿಲ್ಲುತ್ತ, ಮತ್ತೆ ಶುರುವಾಗುತ್ತ ಬಿರಾಗೊಳನ್ನು ಹಣೆಯಿಂದ ಕೆಳಕ್ಕೆ ಒಂದೊಂದೇ ಪಟ್ಟಿಯಾಗಿ ಹೊರಗೆ ಕಳಿಸಿತು. ಶುಕ್ರವಾರ ಹೊತ್ತು ಏರುವ ಮೊದಲೇ ಬೋಟ್ವೆ ಏಣಿ ಹತ್ತಿ ಅವರ ಮನೆಯ ಗೋಡೆಗೆ ಬ್ಯಾನರು ಕಟ್ಟಿದ. ಜೆಬಿ ಕೆಳಗೆ ನಿಂತು ಓದಿದ, ತಲೆಯಾಡಿಸಿದ, ಒಳಗೆ ಹೋದ.

ಶನಿವಾರ ಅಂಗಳದ ತುಂಬ ಕೆಂಪು ಕಪ್ಪು ಬಟ್ಟೆಯ ಜನ. ಮಾರುಕಟ್ಟೆಯ ಹೆಂಗಸರು ಒಂದು ಕಡೆ ಗುಂಪಾಗಿ ಕೂತಿದ್ದರು, ನಾನೂ ಅವರ ನಡುವೆ ಕೂತೆ. ಮಕ್ಕಳ ಮಾತುಗಳನ್ನು ಬಳಗದ ಹಿರಿಯನೇ ಓದುವುದು ಆ ಮನೆಯ ಪದ್ಧತಿ. ಅದು ನನಗೆ ಗೊತ್ತಿರಲಿಲ್ಲ. ಪೊಕುವಾಗೆ ಗೊತ್ತಿತ್ತು. ಜೆಬಿ ಕನ್ನಡಕ ಹಾಕಿಕೊಂಡು ಪುಸ್ತಿಕೆ ಬಿಡಿಸಿದ.

ಅವನು ಚೆನ್ನಾಗಿ ಓದುತ್ತಿದ್ದ. ಆ ಸಾಲಿಗೆ ಬಂದ. "ನಮ್ಮಲ್ಲಿ ಯಾರ ಕೈಲೂ ಆಗದೆ ಹೋದಾಗ, ನಮಗಾಗಿ ಅವಳೇ..." ಎಂದವನು ನಿಂತ. ಪುಟವನ್ನು ಕಣ್ಣಿನ ಹತ್ತಿರ ತಂದ.

"ಇಲ್ಲಿ ಬಾಯಿ ಮುಚ್ಚಿದೆ," ಅಂದ.

ಅದು ಬಿರಾಗೊಳ ಮಾತು. ಮನೆಯಲ್ಲೂ ಹೇಳುತ್ತಿದ್ದಳೇನೋ. ಜೆಬಿ ನನ್ನ ಕಡೆ ನೋಡಿದ. ನಾನು ನೆಲ ನೋಡಲಿಲ್ಲ, ಅವನನ್ನೇ ನೋಡಿದೆ. ಆಮೇಲೆ ಅವನು ಪೊಕುವಾ ಕಡೆ ತಿರುಗಿದ. ಅವಳು ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು, ಥೇಟ್ ಅವಳಮ್ಮನ ಹಾಗೆ.

"ನಮಗಾಗಿ ಅವಳೇ ಕಾದಾಡಿದಳು," ಎಂದು ಜೆಬಿ ಓದಿದ, ಬಾಯಿ ಮುಚ್ಚಿದ ಓ ಹೇಗೆ ಇರಬೇಕೋ ಹಾಗೆ. ಪುಸ್ತಿಕೆಯನ್ನು ಸ್ವಲ್ಪ ಕೆಳಗಿಳಿಸಿದ. "ನನ್ನ ಜೊತೆನೂ. ನ್ಯಾಯ ಅವಳ ಕಡೆಗೇ ಇತ್ತು."

ಮಾರುಕಟ್ಟೆಯ ಹೆಂಗಸರಲ್ಲಿ ಯಾರೋ ನಕ್ಕರು, ಇನ್ಯಾರೋ ಅತ್ತರು, ನನ್ನ ಪಕ್ಕದವಳು ಎರಡನ್ನೂ ಮಾಡಿದಳು. ಪೊಕುವಾ ಮುಖ ಮುಚ್ಚಿಕೊಂಡಿದ್ದಳು. ನಾನು ಕಣ್ಣೊರೆಸಿಕೊಂಡು ತಲೆ ಎತ್ತಿದೆ. ಗೋಡೆಯ ಮೇಲೆ ಬಿರಾಗೊ ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದಳು, ಅವಳ ಕೆಳಗೆ ನಾನು ತಿರುಗಿಸಿಟ್ಟ ಅಕ್ಷರ ಬಾಯಿ ತೆರೆದುಕೊಂಡಿತ್ತು. ಮೂಲೆಯಿಂದ ಮೂಲೆಗೆ ಇನ್ನೊಮ್ಮೆ ಓದಿದೆ. ತಪ್ಪಿರಲಿಲ್ಲ.